ಕ್ಲೌಡಿಗೆ ಹೋದ ನೀಲಿ ಕೋಟು

ಫೋಟೋ ತಿದ್ದುವ ಸಾಫ್ಟ್‌ವೇರ್ ಇನ್ನು ಸಿಡಿಯಲ್ಲಿ ಸಿಗೋದಿಲ್ಲ, ಎಲ್ಲಾ ಕ್ಲೌಡಿನಲ್ಲೇ ಅಂತ ಸುದ್ದಿ ಬಂದಾಗ ಗವರ್ನರ್‌ಪೇಟೆಯ ಸ್ಟುಡಿಯೋದವರ ಪೈಕಿ ಹೆಚ್ಚು ಹಾರಾಡಿದ್ದು ನನ್ನ ಗಂಡ ಜಗನ್ಮೋಹನ್. "ನಮ್ಮ ಕೆಲಸ ಕಂಡವರ ಮನೇಲಿ ಇಡೋದಾ? ಯಾರಾದ್ರೂ ಕದ್ದರೆ?"

ಕೊನೆಗೆ ನಮ್ಮವರೂ ಸೇರಿ ಮೂರು ಅಂಗಡಿಯವರು ಒಂದೇ ಖಾತೆ ತೆಗೆದು, ಪಾಸ್‌ವರ್ಡ್ ಹಂಚಿಕೊಂಡರು. ಜಾಣತನ ಅಂದ್ರೆ ಇದು! ಮರುದಿನ ಮೂವರ ಫೈಲುಗಳೂ ಮೂವರ ಕಂಪ್ಯೂಟರಿನಲ್ಲೂ ಕಾಣಿಸಿಕೊಂಡವು.

ಟೀಶರ್ಟ್ ಹಾಕ್ಕೊಂಡು ಬಂದ ಗಿರಾಕಿಗೂ ಪಾಸ್‌ಪೋರ್ಟ್ ಫೋಟೋದಲ್ಲಿ ಕೋಟು ತೊಡಿಸೋದು ನಮ್ಮ ಕಸುಬು. ಈಗ ನೋಡಿದರೆ ಮೂರೂ ಅಂಗಡಿಯವರು ತೊಡಿಸುತ್ತಿದ್ದದ್ದು ಒಂದೇ ನೀಲಿ ಕೋಟು! ಎಲ್ಲದರಲ್ಲೂ ಎರಡನೇ ಗುಂಡಿ ದಾರದಲ್ಲಿ ಜೋತಾಡುತ್ತಿದೆ.

ನಮ್ಮವರು ಉಳಿದಿಬ್ಬರನ್ನೂ ನಮ್ಮ ಅಂಗಡಿಗೆ ಕರೆಸಿ ಕೂಗಾಡಿದರು. "ಅದು ನನ್ನ ಮದುವೆ ಕೋಟು! ನನ್ನ ಮದುವೆ ಫೋಟೋದಿಂದ ಕದ್ದವರು ಯಾರು?"

ಪಕ್ಕದ ಅಂಗಡಿಯ ಸಾಯಿಕಿರಣ್ ತಲೆ ತಗ್ಗಿಸಿದ. ಎದುರು ಸ್ಟುಡಿಯೋದ ಮಾಧವೀಲತಾ ಮಾತ್ರ ನಗುತ್ತಾ ಕೇಳಿದಳು: "ಜಗನ್ಮೋಹನ್ ಗಾರೂ, ಆ ಫೋಟೋ ತೆಗೆದದ್ದು ನಮ್ಮಪ್ಪ. ಕೋಟೂ ನಮ್ಮ ಸ್ಟುಡಿಯೋದ್ದೇ. ಒಂದು ದಿನಕ್ಕೆ ಅಂತ ಒಯ್ದಿರಿ. ವಾಪಸ್ ಯಾವಾಗ ಕೊಡ್ತೀರಿ?"

ಇವರು ನನ್ನ ಮುಖ ನೋಡಿದರು. ಆ ಕೋಟನ್ನೇ ಕತ್ತರಿಸಿ ನಾನು ಹೊಲಿದಿದ್ದ ಕಂಪ್ಯೂಟರ್ ಕವರನ್ನು ಮೆಲ್ಲಗೆ ಎಳೆದುಕೊಂಡು, ಅದರ ಮೇಲೇ ಕೂತುಬಿಟ್ಟೆ.

ಹಾಳಾದ ಗುಂಡಿ, ಇನ್ನೂ ಉದುರಿರಲಿಲ್ಲ. ಒತ್ತುತ್ತಿತ್ತು.