ಮೇಸ್ತ್ರಿಯ ಕಿವಿ

ಸೊಸೆಯ ಮುಖ ಕದಲಲಿಲ್ಲ. ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಮೇಸ್ತ್ರಿ ಕಿಡಿಯ ತಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿ, ಕತ್ತೆತ್ತಿ ಮತ್ತೆ ಅವಳನ್ನೇ ನೋಡಿದ. ಒರೆಸಿಟ್ಟ ಹಲಗೆಯ ಹಾಗಿತ್ತು ಆ ಮುಖ.

ಬೈಕು ಶೆಡ್ಡಿನ ನಡುವೆ, ರೋಲರಿನ ಮೇಲೆ ನಿಂತಲ್ಲೇ ಓಡುತ್ತಿತ್ತು. ಮಗ ಕಿವಿಗೆ ಹತ್ತಿ ತುರುಕಿಕೊಂಡು ಆಕ್ಸಿಲರೇಟರ್ ತಿರುಚುತ್ತಿದ್ದ. ರೋಲರಿನ ಬ್ರೇಕ್ ಹಿಡಿದು ಎಂಜಿನ್ನಿಗೆ ಭಾರ ಕೊಡುವುದು ಸೊಸೆಯ ಕೆಲಸ. ತಟ್ಟೆ ಮುಂದಕ್ಕೆ ಹೋದಷ್ಟೂ ಕಿಡಿ ಬೇಗ ಹತ್ತುತ್ತದೆ, ಬೇಗ ಹತ್ತಿದಷ್ಟೂ ಗಾಡಿಗೆ ರೋಷ. ಅತಿಯಾದರೆ ಒಳಗೆ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂಥ ಸದ್ದು ಏಳುತ್ತದೆ. ಆಗ ತಟ್ಟೆಯನ್ನು ಹಿಂದಕ್ಕೆ ತರಬೇಕು.

ಈವರೆಗೆ ಮಗ ಓಡಿಸಿದ್ದೆಲ್ಲ ನೇರ ರಸ್ತೆಯ ಗಿಡ್ಡ ಪಂದ್ಯ. ಎಂಜಿನ್ನು ಬಿಸಿಯಾಗುವಷ್ಟರಲ್ಲಿ ಗೆರೆ ದಾಟಿರುತ್ತಿತ್ತು, ಚೂರು ಸದ್ದಿದ್ದರೂ ಮಾಫಿ. ನಾಳೆಯದು ಗಂಟೆಗಟ್ಟಲೆ ಸುತ್ತುವ ಪಂದ್ಯ. ಅಲ್ಲಿ ಆ ಸದ್ದನ್ನು ಉಳಿಸಿಕೊಂಡು ಹೋದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ, ಚಕ್ರ ಹಿಡಿದುಕೊಳ್ಳುತ್ತದೆ, ಸವಾರ ಎಲ್ಲಿ ಹೋಗಿ ಬೀಳುತ್ತಾನೋ ದೇವರಿಗೇ ಗೊತ್ತು. ಸಾಲದ್ದಕ್ಕೆ ಸಿಲಿಂಡರಿನ ತಲೆ ಹೊಸದು, ತಟ್ಟೆಯ ಹಳೆಯ ಗುರುತು ಯಾವುದೂ ಇದಕ್ಕೆ ಕೂಡುತ್ತಿರಲಿಲ್ಲ. ಕಿವಿಯೊಂದೇ ಗತಿ.

ಆ ಸದ್ದು ಮೇಸ್ತ್ರಿಗೆ ಕೇಳಿಸುವುದು ನಿಂತು ಬಹಳ ಕಾಲವಾಗಿತ್ತು. ಮಾತು ಕೇಳಿಸುತ್ತಿತ್ತು, ಹಾರನ್ ಕೇಳಿಸುತ್ತಿತ್ತು, ಅದೊಂದು ಮಾತ್ರ ಕೈಕೊಟ್ಟಿತ್ತು. ಯಾರಿಗೂ ಹೇಳಿರಲಿಲ್ಲ. ಮೇಸ್ತ್ರಿಯ ಕಿವಿ ಎಂದರೆ ರೇಸಿನವರ ನಡುವೆ ಹೆಸರು. ಅದು ಹೋದರೆ ಅವನಲ್ಲಿ ಉಳಿಯುವುದು ಮಂಡಿನೋವು ಮತ್ತು ಮುಂಗೋಪ. ಇಷ್ಟು ದಿನ ಅವನ ಮರ್ಯಾದೆ ಉಳಿಸಿದ್ದು ಸೊಸೆಯ ಎಡಹುಬ್ಬು. ಸದ್ದೆದ್ದರೆ ಸಾಕು, ಅವಳಿಗೇ ಅರಿವಿಲ್ಲದೆ ಗಂಟಿಕ್ಕುತ್ತಿತ್ತು. ಅದನ್ನು ನೋಡಿ ಅವನು ತಟ್ಟೆ ತಿರುಗಿಸುತ್ತಿದ್ದ.

ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಬೀದಿಯಲ್ಲಿ ಬಿದ್ದಿದ್ದನ್ನು ಮಗ ಎತ್ತಿಕೊಂಡು ಬಂದಿದ್ದಾನೆ ಎಂದು ಮೇಸ್ತ್ರಿ ಮದುವೆಯ ದಿನವೇ ನೆಂಟರ ಮುಂದೆ ಅಂದಿದ್ದ. ಅವಳು ಮರೆತಿರಲಿಲ್ಲ, ಮರೆಯಲಿ ಎಂದು ಅವನು ಬಯಸಿರಲೂ ಇಲ್ಲ. ಅಂದಿನಿಂದ ಊಟಕ್ಕೆ ಕರೆಯುವಾಗ ಅವಳು ಬಾಗಿಲಿಗೆ ಹೇಳುತ್ತಿದ್ದಳು. ಉಪ್ಪು ಹೆಚ್ಚಾಯಿತೆಂದು ಅವನು ಗೋಡೆಗೆ ದೂರು ಕೊಡುತ್ತಿದ್ದ.

ಹೋದ ವಾರ ಶೆಡ್ಡಿನ ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದ್ದವು. ಮುದುಕ ತನ್ನ ಮುಖ ನೋಡಿಕೊಂಡು ಸ್ಪ್ಯಾನರ್ ಆಡಿಸುತ್ತಾನೆಂದು ಅವಳಿಗೆ ಆಗಲೇ ಹೊಳೆದಿರಬೇಕು. ಅದಕ್ಕೇ ಇವತ್ತು ಬೇಕೆಂದೇ ಹುಬ್ಬು ಅಲುಗಿಸದೆ ಕೂತಿದ್ದಾಳೆ. ಗಂಡನ ಪ್ರಾಣದ ಜೊತೆ ಆಡುತ್ತಾಳಲ್ಲ ರಾಕ್ಷಸಿ, ಎಂದು ಮೇಸ್ತ್ರಿಯ ಮೈ ಉರಿಯಿತು. ಆಡುತ್ತಿರುವವನು ತಾನೇ ಎಂಬುದೂ ಬೆನ್ನಿಗೇ ಹೊಳೆದು ಇನ್ನಷ್ಟು ಉರಿಯಿತು.

ಮಗ ಎಂಜಿನ್ ನಿಲ್ಲಿಸಿ ಹತ್ತಿ ತೆಗೆದ. "ಆಯ್ತೇನಪ್ಪಾ? ತಟ್ಟೆ ಬಿಗಿದುಬಿಡ್ಲಾ?"

ಆಯಿತು ಎಂಬ ಮಾತು ಮೇಸ್ತ್ರಿಯ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಸೊಸೆಯ ಕಡೆ ತಿರುಗಿದ. "ನಿಂಗೆ ಕೇಳಿಸ್ತಾ?"

"ಯಾರನ್ನ ಕೇಳ್ತಿದ್ದೀರಿ? ಗೋಡೇನಾ?"

"ನಿನ್ನನ್ನೇ. ನಂಗೆ ಕೇಳ್ಸಲ್ಲ."

ಮಗ ಬೆಪ್ಪಾಗಿ ನೋಡಿದ. ಯಾವಾಗಿನಿಂದ ಎಂದು ಕೇಳಿದ. ಬಹಳ ದಿನದಿಂದ ತನ್ನ ಮುಖ ನೋಡಿಕೊಂಡೇ ಇವರ ಕೆಲಸ ಸಾಗಿದೆ ಎಂದು ಅವಳೇ ಹೇಳಿದಳು. ತಾನು ಓಡಿಸಿದ ಪಂದ್ಯಗಳೆಲ್ಲ ಒಂದೊಂದಾಗಿ ನೆನಪಾದವೋ ಏನೋ, ಮಗನ ಮುಖ ಕಪ್ಪಿಟ್ಟಿತು. ಅಪ್ಪನ ಕಡೆ ನೋಡದೆ ಎಂಜಿನ್ ಶುರು ಮಾಡಿದ.

"ನೀನು ಹೇಳು," ಎಂದ ಹೆಂಡತಿಗೆ.

ಅವಳು ಬ್ರೇಕ್ ಒತ್ತಿದಳು. "ಸದ್ದು ಹೊಡೀತಿದೆ. ಹಿಂದಕ್ಕೆ," ಎಂದು ಕೂಗಿದಳು.

ಮೇಸ್ತ್ರಿ ತಿರುಗಿಸಿದ.

"ಇನ್ನೂ."

ತಿರುಗಿಸಿದ. ಸಾಕು ಎಂದಿತು ಕೈ. ಇಷ್ಟು ಹಿಂದಕ್ಕೆ ಅವನು ಯಾವ ಗಾಡಿಯ ತಟ್ಟೆಯನ್ನೂ ತಂದಿರಲಿಲ್ಲ, ಇನ್ನು ಹಿಂದೆ ಹೋದರೆ ಗೆಲ್ಲುವ ರೋಷವೇ ಉಳಿಯುವುದಿಲ್ಲ. ಕತ್ತೆತ್ತಿದ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಗಂಡನ ಬೆನ್ನನ್ನೇ ನೋಡುತ್ತಿದ್ದಳು.

"ಇನ್ನೂ," ಎಂದಳು.

ಮೇಸ್ತ್ರಿ ತಿರುಗಿಸಿದ.