ಪಿಸುಮಾತಮ್ಮ ಹೇಳಿಕೊಡದ ಮಾತು

ಮಗಳು ಬಾಗಿಲ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದಳು.

“ಎಷ್ಟು ಸಲ ನೋಡ್ತೀಯೇ? ಚಿಲಕಕ್ಕೂ ಸಾಕಾಗಿ ಹೋಗಿರುತ್ತೆ,” ಎಂದ ಸೋದರಮಾವ.

“ಅವನು ಬಂದ್ರೆ, ಮಾವ?”

“ಬರ್ದೇ ಇರ್ತಾನಾ? ನಾಲ್ಕು ವರ್ಷ ಅಮ್ಮನ ಜೊತೆ ಒಂದೇ ಕಂಪನೀಲಿ ದುಡಿದಿದಾನೆ.”

“ಬರಲಿ. ಪೆಟ್ಟಿಗೆಗೆ ಅವನ ಕೈ ಮಾತ್ರ ತಾಗಬಾರದು. ನನ್ನ ತಮ್ಮನ್ನ ಲಾರಿ ಕೆಳಗೆ ಹಾಕಿ, ಇನ್ನೂ ಉಸಿರಾಡ್ತಿದ್ದವನನ್ನ ರಸ್ತೇಲೇ ಬಿಟ್ಟು ಓಡಿದೋನು.”

ಶವಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಕತೆಗಳಲ್ಲಿ ರಾಜಕುಮಾರನ ಕಿವಿಗೆ ದಾರಿ ಹೇಳುವ ಗಿಣಿಯಂತೆ, ಮೂವತ್ತು ವರ್ಷ ನಾಟಕ ಕಂಪನಿಯ ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಮೊದಲ ಪದವನ್ನಷ್ಟೇ ಉಸುರಿ ದಡ ಸೇರಿಸಿದವಳು. ಎಲ್ಲರ ಬಾಯಲ್ಲೂ ಪಿಸುಮಾತಮ್ಮ.

“ಒಂದ್ಸಲ ನಾನು ನಾಟಕದ ಹೆಂಡ್ತಿ ಹೆಸರೇ ಮರೆತೆ,” ಎಂದು ಕಂಪನಿಯ ಹಾಸ್ಯದವನು ಮೂಗೊರೆಸಿಕೊಂಡ. “‘ನಿನ್ನ ಹೆಂಡ್ತಿ ಕಣೋ ಅವಳು, ಕತ್ತೆ’ ಅಂದ್ಲು. ನಾನು ಅದನ್ನೇ ಗಟ್ಟಿಯಾಗಿ ಹೇಳಿಬಿಟ್ಟೆ!”

ಎಲ್ಲರೂ ನಕ್ಕರು. ಮಗಳ ಕಿವಿ ಮಾತ್ರ ಕೆಳಗಿನ ಮೆಟ್ಟಿಲ ಮೇಲಿತ್ತು.

*

ನಾಲ್ಕು ವರ್ಷದ ಹಿಂದೆ, ಜೈಲಿನಿಂದ ಬಂದ ಲಾರಿಯವನಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಕಂಪನಿಯ ಯಜಮಾನ ಹೆದರುತ್ತಲೇ ಅಮ್ಮನನ್ನು ಕೇಳಿದ್ದ.

“ಪರದೆ ಹಗ್ಗಕ್ಕೆ ಹಾಕಿ. ಕಣ್ಣೆದುರಿಗೇ ಇರಲಿ,” ಎಂದಿದ್ದಳು ಅಮ್ಮ.

ಆ ವರ್ಷದ ನಾಟಕದ ಕೊನೆಯಲ್ಲಿ, ಮಗನನ್ನು ಕೊಂದವನಿಗೆ ತಾಯಿ “ಹೋಗಪ್ಪಾ, ಕ್ಷಮಿಸಿದ್ದೀನಿ” ಎನ್ನಬೇಕು. ಆ ಮಾತು ಕಿವಿಗೆ ಬಿದ್ದೊಡನೆ ಪರದೆ ಇಳಿಯಬೇಕು. ಮೊದಲ ಪ್ರದರ್ಶನದಲ್ಲೇ ತಾಯಿಯ ಪಾತ್ರದವಳು ಮಾತು ಮರೆತಳು. ಕಣ್ಣು ಮರೆಯತ್ತ ಓಡಿತು. ಅಮ್ಮನ ಬೆರಳು ಸಾಲಿನ ಮೇಲೇ ಇತ್ತು, ತುಟಿ ಅಲ್ಲಾಡಲಿಲ್ಲ. ಎದುರು ಬದಿಯಲ್ಲಿ ಲಾರಿಯವನು ಹಗ್ಗ ಹಿಡಿದು, ಬೆವೆತು, ಕಾಯುತ್ತಲೇ ನಿಂತ. ಜನ ತಾಯಿಯ ಆ ಮೌನವನ್ನೂ ಅಭಿನಯವೆಂದುಕೊಂಡು ಬಿಕ್ಕಿದರು. ಕಡೆಗೆ ಯಜಮಾನನೇ ದೀಪ ಆರಿಸಿದ.

“ಯಾಕಮ್ಮಾ ಹೇಳ್ಕೊಡ್ಲಿಲ್ಲ?” ವೇಷದ ಬಟ್ಟೆ ಮಡಿಸುತ್ತಿದ್ದ ಮಗಳು ಕೇಳಿದಳು.

“ಪುಸ್ತಕದಲ್ಲಿತ್ತು ಕಣೇ. ಬಾಯಿಗೆ ಬರ್ಲಿಲ್ಲ.”

ಮರುದಿನ ಅವನು ಕೆಲಸ ಬಿಡುತ್ತೇನೆಂದು ಬಂದು ತಲೆ ತಗ್ಗಿಸಿ ನಿಂತ. ಅಮ್ಮ ಪುಟ ತಿರುವುತ್ತಲೇ, “ಪರದೆ ರಾಟೆ ಕಿರುಗುಟ್ತಾ ಇದೆ, ಎಣ್ಣೆ ಹಾಕು. ನಾಲ್ಕಕ್ಕೆ ಆಟ,” ಎಂದಳು.

*

ಮೂರನೇ ಮಹಡಿಯಿಂದ ಪೆಟ್ಟಿಗೆ ಇಳಿಯತೊಡಗಿತು. ಮುಂದೆ ಮಾವ, ಹಾಸ್ಯದವನು. ಹಿಂದೆ ಯಜಮಾನ, ಮಗಳು. ಇಕ್ಕಟ್ಟಿನ ತಿರುವಿನಲ್ಲಿ ಲಾರಿಯವನು ಗೋಡೆಗೆ ಅಂಟಿಕೊಂಡು ನಿಂತಿದ್ದ, ಕೈ ಬೆನ್ನ ಹಿಂದೆ. ಪೆಟ್ಟಿಗೆ ಮುಟ್ಟಬಾರದೆಂಬ ಮಗಳ ಮಾತನ್ನು ಯಾರೋ ಅವನಿಗೆ ಮುಟ್ಟಿಸಿದ್ದರು.

ಹಾಸ್ಯದವನ ಮಂಡಿ ಕುಸಿಯಿತು. “ಅಯ್ಯೋ, ಜಾರ್ತಾ ಇದೆ!”

ಪೆಟ್ಟಿಗೆ ವಾಲಿತು. ಒಳಗೆ ಅಮ್ಮ ಸರಿದ ಸದ್ದು. ಲಾರಿಯವನ ಕೈಗಳು ಮುಂದೆ ಚಾಚಿ, ಮರಕ್ಕೆ ಗೇಣು ದೂರದಲ್ಲಿ ನಿಂತವು. ಅವನು ಮಗಳ ಮುಖ ನೋಡಿದ.

ಅವಳ ತೋಳು ಕಳಚಿ ಬರುವಂತಿತ್ತು.

“ಹಿಡ್ಕೋ,” ಎಂದಳು.

ಹಿಡಿದ. ಭಾರವೆಲ್ಲ ಅವನ ಎದೆಗೆ ಬಂತು. ಮುಂದಿನ ತುದಿ ಹೊತ್ತು ಹಿಮ್ಮುಖವಾಗಿ ಇಳಿಯಬೇಕು, ಕಾಲಡಿ ಏನಿದೆಯೋ ಅವನಿಗೆ ಕಾಣದು.

“ಮೆಟ್ಟಿಲು,” ಎಂದಳು. ಅವನು ಒಂದು ಕಾಲು ಇಳಿಸಿದ.

“ಇನ್ನೊಂದು.”

ಅವಳ ತುಟಿಗಳಲ್ಲೇ ಕಣ್ಣು ನೆಟ್ಟು, ಅಮ್ಮನನ್ನು ಎದೆಗೊತ್ತಿಕೊಂಡು, ಅವನು ಇನ್ನೊಂದು ಇಳಿದ.