ಎಮ್ಮೆಗೂ ಬಂದ ದೀಪ

ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಕರೆಂಟು ಬಂದದ್ದು ಅರವತ್ತೊಂದನೇ ಇಸವಿಯಲ್ಲಿ. ಪಡಸಾಲೆಗೆ ದೊಡ್ಡದೊಂದು ಬಲ್ಬು ಹಾಕಿಸಿದರು. ಮಾವನವರು ಕೂತು ಹತ್ತಿ ವ್ಯಾಪಾರದ ಮಾತಾಡುವ ಕೋಣೆಗೆ ಒಂದು. ಕೊಟ್ಟಿಗೆಗೆ ಇನ್ನೊಂದು, ಬೆಳಗಿನ ಜಾವ ಎಮ್ಮೆಯ ಹಾಲು ಕರೆಯುವ ಆಳಿಗೆ ಕಣ್ಣು ಕಾಣಬೇಕಲ್ಲ. ಅಡುಗೆಮನೆಗೆ ಮಾತ್ರ ಇಲ್ಲ. ಎಮ್ಮೆಗೆ ಬಂದ ದೀಪ ಸೊಸೆಗೆ ಬರಲಿಲ್ಲ. ಈಗಲೂ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಾರಣ ಇಷ್ಟೇ. ವೈರಿಂಗ್ ಮಾಡಲು ಬಂದವನು ಹಿದಾಯತ್. ಅವನು ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಮಾವ ಕರಿಬಸವರಾಜಪ್ಪನವರ ಅಪ್ಪಣೆ. ನಮ್ಮದು ಆಚಾರದ ಮನೆಯಂತೆ, ಒಲೆಯ ಹತ್ತಿರ ಹೊರಗಿನವರ ನೆರಳೂ ಬೀಳಬಾರದಂತೆ. "ಒಲ್ಯಾಗ ಬೆಂಕಿ ಇರ್ತೈತೆ, ಮತ್ಯಾಕ ದೀಪ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಒಂದು ದಿನವೂ ಆ ಒಲೆಯ ಮುಂದೆ ಕೂತವರಲ್ಲ ಅವರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ಕಂಡೇ ಹುಟ್ಟಿರಬೇಕು.

ಆ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಗವಾಕ್ಷಿ, ಅದೂ ಮಸಿ ಹಿಡಿದು ಮುಚ್ಚಿಹೋಗಿತ್ತು. ಹಗಲಲ್ಲೂ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡೇ ಅಡುಗೆ. ಹೊಗೆಯಲ್ಲಿ ಬೆಂದು ಬೆಂದು ಅತ್ತೆ ಶಕುಂತಲಮ್ಮನವರ ಕಣ್ಣು ಮಂಜಾಗಿತ್ತು. ಅವರು ಅಕ್ಕಿಯಲ್ಲಿ ಕಲ್ಲನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದರು. ಒಂದು ದಿನವೂ ಬಾಯಿ ಬಿಟ್ಟು ದೂರಿದವರಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಒಂದು ಸಂಜೆ ಹಿಟ್ಟಿನ ಡಬ್ಬಕ್ಕೆ ಕೈ ಚಾಚಿದೆ, ಸೆರಗು ಬುಡ್ಡಿಗೆ ತಾಗಿ ಹೊತ್ತಿಕೊಂಡಿತು. ಅತ್ತೆ ತುಂಬಿದ ಕೊಡವನ್ನು ನನ್ನ ಮೇಲೆ ಬೋರಲು ಹಾಕದಿದ್ದರೆ ಈ ಮಾತು ಹೇಳಲು ನಾನು ಇರುತ್ತಿರಲಿಲ್ಲ. ಮೊಣಕೈವರೆಗೂ ಬೊಬ್ಬೆ ಎದ್ದವು. ಆಗ ನಾನು ಬಸುರಿ.

"ನಾನು ಸತ್ರೆ ನಿಮ್ಮ ಕೂಸೂ ಸಾಯ್ತೈತೆ. ಅಪ್ಪಾರಿಗೆ ಹೇಳಿ ಒಂದು ಬಲ್ಬು ಹಾಕಿಸ್ರಿ" ಎಂದು ನನ್ನ ಗಂಡ ಕೊಟ್ಟೂರಪ್ಪನಿಗೆ ಹೇಳಿದೆ.

"ಅಪ್ಪಾರಿಗೆ ಹೆಂಗೆ ಹೇಳ್ಲಿ? ನೀನೇ ಒಂಚೂರು ಹುಷಾರಾಗಿರು" ಎಂದ.

ಸುಟ್ಟುಕೊಂಡವಳಿಗೆ ಹುಷಾರು ಹೇಳುವ ಗಂಡ. ಅವನ ಹತ್ತಿರ ಮತ್ತೆ ಮಾತು ಎತ್ತಲಿಲ್ಲ. ಮರುದಿನ ಸಂಜೆ ಇದ್ದಿಲ ಒಲೆ, ಹೆಂಚು, ಹಿಟ್ಟಿನ ಪರಾತ ಎಲ್ಲವನ್ನೂ ಕೊಟ್ಟಿಗೆಗೆ ಹೊತ್ತುಕೊಂಡು ಹೋದೆ. ಬಲ್ಬಿನ ಗುಂಡಿ ಒತ್ತಿ, ಎಮ್ಮೆಯ ಪಕ್ಕದಲ್ಲೇ ಕೂತು ರೊಟ್ಟಿ ಬಡಿದೆ. ಆಳುಗಳು ಬಾಯಿ ಬಿಟ್ಟುಕೊಂಡು ನಿಂತು ನೋಡಿದರು.

ಊಟಕ್ಕೆ ಕೂತ ಮಾವ ಎರಡನೇ ರೊಟ್ಟಿ ಮುರಿಯುತ್ತ, "ಇವತ್ತು ರೊಟ್ಟಿ ಚಲೋ ಬಂದಾವೆ" ಎಂದರು.

ಬಾಗಿಲ ಮರೆಯಿಂದಲೇ ಹೇಳಿದೆ: "ಬೆಳಕಿನಾಗ ಬಡಿದಿದ್ದು ಮಾವ, ಕೊಟ್ಟಿಗ್ಯಾಗ. ನಾಳೇನೂ ಅಲ್ಲೇ ಬಡಿತೀನಿ. ಎಮ್ಮೆ ಆಚಾರ ಕೇಳಲ್ಲ."

ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದರು. ನನ್ನನ್ನು ಬೈಯಲಿಲ್ಲ, ಅತ್ತೆಯನ್ನು ಬೈದರು. ಆದರೆ ಸಾಹುಕಾರರ ಮನೆಯ ರೊಟ್ಟಿ ಕೊಟ್ಟಿಗೆಯಲ್ಲಿ ಬೇಯುತ್ತದೆ ಎಂದು ಬೀದಿಯಲ್ಲಿ ಆಡಿಕೊಂಡರೆ ಹತ್ತಿ ಮಂಡಿಯಲ್ಲಿ ತಲೆ ಎತ್ತುವುದು ಹೇಗೆ? ಆ ವಾರವೇ ಹಿದಾಯತ್‌ನಿಗೆ ಹೇಳಿಕಳಿಸಿದರು.

ಅವನು ಕಾಲು ತೊಳೆದುಕೊಂಡು ಒಳಗೆ ಬಂದ. ತಲೆ ತಗ್ಗಿಸಿಕೊಂಡೇ ಕೆಲಸ ಮುಗಿಸಿ, "ಗುಂಡಿ ಇಲ್ಲೈತೆ ನೋಡ್ರಿ ಅಕ್ಕಾರೆ" ಎಂದು ತೋರಿಸಿ ಹೊರಟುಹೋದ. ಒತ್ತಿದೆ. ಗೋಡೆಯ ಮಸಿ, ಅಟ್ಟದ ಜೇಡ, ಒಲೆಯ ಬಿರುಕು ಎಲ್ಲ ಒಮ್ಮೆಲೇ ಕಂಡವು. ಅತ್ತೆ ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರಡಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಒಂದು ಕಲ್ಲು ಸಿಕ್ಕಿತು. ಅದನ್ನು ನನಗೆ ತೋರಿಸಿ ನಕ್ಕರು.

ಆ ನಗು ಒಂದು ಹೊತ್ತೂ ಉಳಿಯಲಿಲ್ಲ. ಮಾವ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ತಾಮ್ರದ ಬಿಂದಿಗೆಯಲ್ಲಿ ಹೊಳೆ ನೀರು ತಂದರು. ಹಿದಾಯತ್ ಕಾಲಿಟ್ಟ ಅಡುಗೆಮನೆ ಶುದ್ಧವಾಗಬೇಕಂತೆ. ಹರಿಹರ ನನ್ನ ತವರು. ಆ ಹೊಳೆಯಲ್ಲಿ ಸಾಬರ ಓಣಿಯವರೂ ಮೀಯುವುದನ್ನು ನೋಡುತ್ತ ಬೆಳೆದವಳು ನಾನು. ಇದನ್ನು ಯಾರಿಗೆ ಹೇಳಲಿ?

ಪಡಸಾಲೆಯಲ್ಲಿ ಹತ್ತಿ ಕೊಳ್ಳಲು ಬಂದ ನೆಂಟರು ಊಟಕ್ಕೆ ಕಾಯುತ್ತಿದ್ದರು. ಅಡುಗೆ ಮುಗಿದಿತ್ತು, ಮುಚ್ಚಳ ತೆರೆದ ಸಾರು ಒಲೆಯ ಮೇಲಿತ್ತು. ಮಾವ ಬಂದು ನೆಲಕ್ಕೆ, ಗೋಡೆಗೆ, ಪಾತ್ರೆಗಳಿಗೆ ನೀರು ಚಿಮುಕಿಸಿದರು. ಆಮೇಲೆ ಉರಿಯುತ್ತಿದ್ದ ಬಲ್ಬಿನ ಕಡೆ ಕೈ ಎತ್ತಿದರು.

"ಅದಕ್ಕೆ ಬ್ಯಾಡ್ರಿ ಮಾವ, ಕಾದೈತೆ" ಎಂದೆ.

"ಅವನು ಮುಟ್ಟಿದ್ದೇ ಅದನ್ನ. ಅದನ್ನ ಬಿಟ್ಟು ಏನು ಶುದ್ಧ ಮಾಡ್ಲಿ?"

ಬೊಗಸೆ ನೀರು ಎರಚಿದರು. ಬಲ್ಬು ಢಬ್ ಎಂದು ಒಡೆಯಿತು. ಗಾಜಿನ ಚೂರುಗಳು ಸಾರಿನಲ್ಲಿ ಬಿದ್ದದ್ದು ಕತ್ತಲಲ್ಲಿ ಕೇಳಿಸಿತು.

ಆಮೇಲೆ ಮಾವ ಹೇಳಿದರು: "ನೋಡಿದ್ರೇನು? ದೇವ್ರಿಗೇ ಬ್ಯಾಡಾಗೈತೆ. ಇನ್ನು ಈ ಒಲೆ ಮನ್ಯಾಗ ದೀಪದ ಮಾತು ಎತ್ತಬ್ಯಾಡ್ರಿ. ಬುಡ್ಡಿ ಹಚ್ಚು."

ಬುಡ್ಡಿ ಎಂದೊಡನೆ ನನ್ನ ಸುಟ್ಟ ಕೈ ಜುಂ ಎಂದಿತು. ನಾನು ಬುಡ್ಡಿ ಹಚ್ಚಲಿಲ್ಲ. ಉದ್ದ ಕಾಲಿನ ಮಣೆ ಎತ್ತಿಕೊಂಡು ಸೀದಾ ಪಡಸಾಲೆಗೆ ನಡೆದೆ. ಮದುವೆಯಾದ ಮೇಲೆ ಗಂಡಸರು ಕೂತ ಪಡಸಾಲೆಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ನೆಂಟರು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಗುಂಡಿ ಆರಿಸಿ, ಮಣೆ ಹತ್ತಿ, ಸೆರಗು ಸುತ್ತಿದ ಕೈಯಿಂದ ಬಲ್ಬನ್ನು ತಿರುಗಿಸಿ ಬಿಚ್ಚಿಕೊಂಡೆ.

"ಏನಿದು ನಿರ್ಮಲ?" ಕತ್ತಲಲ್ಲಿ ಗಂಡನ ದನಿ ಕೇಳಿಸಿತು.

"ಇದನ್ನೂ ಹಿದಾಯತ್ನೇ ಹಾಕಿದ್ದು" ಎಂದೆ, ಎಲ್ಲರಿಗೂ ಕೇಳುವಂತೆ. "ಇದರ ಕೆಳಗೆ ಕೂತು ದಿನಾ ಕಾಫಿ ಕುಡಿದ್ರಿ, ಯಾರ ಆಚಾರಾನೂ ಕೆಡಲಿಲ್ಲ. ಊಟ ತಡ ಆಗ್ತೈತ್ರಿ, ಸಾರಿನಾಗ ಗಾಜೈತೆ."

ಪಡಸಾಲೆಗೂ ಬೆನ್ನು ಹತ್ತಿ ಬಂದಿದ್ದ ಮಾವ, ಕತ್ತಲಲ್ಲಿ ದಾರಿ ತಡವುತ್ತ ಮತ್ತೆ ನನ್ನ ಹಿಂದೆಯೇ ಬಂದರು. ಅಷ್ಟರಲ್ಲಿ ನಾನು ಅಡುಗೆಮನೆ ಹೊಕ್ಕು ಮಣೆ ಹತ್ತಿದ್ದೆ. ಒಡೆದ ಬಲ್ಬಿನ ಬುಡವನ್ನು ಸೆರಗಿನ ಕೈಯಿಂದ ತಿರುಗಿಸಿ ತೆಗೆದೆ, ಈ ಬಲ್ಬು ಕೂತಿತು. ಮೊದಲೇ ಆರಿಸಿಟ್ಟಿದ್ದ ಗುಂಡಿಯನ್ನು ಅತ್ತೆ ಮತ್ತೆ ಒತ್ತಿದರು. ಬೆಳಕಾಗುತ್ತಲೇ ಅವರು ಮಾಡಿದ ಮೊದಲ ಕೆಲಸ, ಮಾವ ಒಳಗೆ ಬರುವ ಮುಂಚೆ ಅಡುಗೆಮನೆಯ ಬಾಗಿಲು ಮುಚ್ಚಿ ಅಗಣಿ ಹಾಕಿದ್ದು.

ಹೊರಗಿನಿಂದ ಮಾವ ಬಾಗಿಲು ಬಡಿಯುತ್ತಿದ್ದರು.

"ಬಡೀಲಿ ಬಿಡು" ಎಂದರು ಅತ್ತೆ. "ಆ ಸಾರು ಚೆಲ್ಲು, ನಾನು ಬ್ಯಾಳಿ ಆರಿಸ್ತೀನಿ."